ಓಡುತ್ತಿರುವ ಸರ್ವರ್‌ನಿಂದ ಡಿಸ್ಕ್ ತೆಗೆಯುವುದು: ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕೆಲಸದ ಲಾಗ್

ಜನವರಿಯಲ್ಲಿ ಚಿಕ್ಕಮಗಳೂರಿನ ಯಾವ ಕ್ಯೂರಿಂಗ್ ವರ್ಕ್ಸ್‌ಗೆ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆ) ಹೋಗಿ "ಒಂದರ್ಧ ಗಂಟೆ ಸರ್ವರ್ ಆಫ್ ಮಾಡ್ತೀನಿ" ಅಂದರೂ ಬೈಸಿಕೊಂಡೇ ಬರಬೇಕು. ಅರೇಬಿಕಾ ಮುಗಿಯುತ್ತಾ ಬಂದಿರುತ್ತದೆ, ರೋಬಸ್ಟಾ ಶುರುವಾಗಿರುತ್ತದೆ. ಆಲ್ದೂರು, ಮೂಡಿಗೆರೆ, ಮಲ್ಲಂದೂರು ಕಡೆಯಿಂದ ಲಾರಿ, ಪಿಕಪ್ ಬರುತ್ತಲೇ ಇರುತ್ತವೆ. ವೇಬ್ರಿಡ್ಜ್ ತೂಕ, ಲಾಟ್ ನಂಬರ್, ತೇವಾಂಶ, ಔಟ್‌ಟರ್ನ್ (ತಂದ ಕಾಫಿಯಿಂದ ಸಿಕ್ಕ ಬೀಜದ ಪಾಲು) ಎಲ್ಲವೂ ಒಂದೇ ಮೆಷಿನ್‌ಗೆ ಹೋಗುತ್ತವೆ. ಅದು ನಿಂತರೆ ಗೇಟಿನಲ್ಲಿ ಲಾರಿ ಸಾಲು. ಹಾಗಾಗಿ ಡಿಸ್ಕ್ ಬದಲಿಸುವ ಕೆಲಸ ಪೂರ್ತಿ ಮೆಷಿನ್ ಓಡುತ್ತಿರುವಾಗಲೇ ಆಗಬೇಕಿತ್ತು.

ಮೆಷಿನ್ ದೊಡ್ಡದೇನಲ್ಲ. ಡೆಬಿಯನ್ 12 ಹಾಕಿದ ಒಂದು ಟವರ್ ಸರ್ವರ್, ಮುಂದುಗಡೆ ನಾಲ್ಕು ಹಾಟ್‌ಸ್ವಾಪ್ ಟ್ರೇ, ಅಂದರೆ ಮೆಷಿನ್ ಓಡುವಾಗಲೇ ಡಿಸ್ಕ್ ಎಳೆದು ಹಾಕಬಹುದಾದಂಥವು. ಮೊದಲ ಎರಡರಲ್ಲಿ 4 ಟಿಬಿ ಡಿಸ್ಕ್‌ಗಳು, ರೇಡ್ 1 ಜೋಡಿ, ಅಂದರೆ ಎರಡರಲ್ಲೂ ಒಂದೇ ಡೇಟಾ, ಒಂದು ಸತ್ತರೂ ಇನ್ನೊಂದು ನಡೆಸುತ್ತದೆ. ಹೆಸರು ಎಸ್‌ಡಿಎ, ಎಸ್‌ಡಿಬಿ. ಆಪರೇಟಿಂಗ್ ಸಿಸ್ಟಂ, ಲೆಕ್ಕದ ಡೇಟಾಬೇಸ್ ಎರಡೂ ಅದರ ಮೇಲೆಯೇ. ಮೂರನೆಯ ಟ್ರೇಯಲ್ಲಿ ಹಳೆಯ 2 ಟಿಬಿ ಡಿಸ್ಕ್, ಎಸ್‌ಡಿಸಿ. ಹಿಂದಿನ ವರ್ಷಗಳ ಲೆಕ್ಕ, ಸ್ಕ್ಯಾನ್ ಮಾಡಿದ ರಸೀದಿ ಎಲ್ಲ ಅಲ್ಲಿದ್ದವು. ನಾಲ್ಕನೆಯದು ಸಿಸಿಟಿವಿ ರೆಕಾರ್ಡಿಂಗ್‌ಗೆ.

ಎಸ್‌ಡಿಬಿ ಮೇಲೆ ದೂರು ಬಂದಿದ್ದು, ಡಿಸ್ಕ್‌ಗಳ ಆರೋಗ್ಯ ಕಾಯುವ ಸ್ಮಾರ್ಟ್‌ಡಿ ಪ್ರೋಗ್ರಾಂ ಕಳಿಸಿದ ಮೇಲ್‌ನಿಂದ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ ನಾನು ಮೊದಲು ನೋಡುವುದು 5, 197, 198, 199 ಈ ನಾಲ್ಕು ಸಾಲು. 5 ಅಂದರೆ ಕೆಟ್ಟು ಬೇರೆ ಕಡೆಗೆ ಬದಲಾದ ಸೆಕ್ಟರ್ (ಡಿಸ್ಕ್‌ನ ಒಂದು ಚಿಕ್ಕ ತುಂಡು). 197 ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್. 198 ಸರಿಪಡಿಸಲಾಗದೆ ಉಳಿದವು. 199 ಮಾತ್ರ ಬೇರೆ ಜಾತಿ. ಅದು ಡಿಸ್ಕ್ ಮತ್ತು ಕಂಟ್ರೋಲರ್ ನಡುವಿನ ಸಾಗಾಟದ ತಪ್ಪು, ಬಹುಪಾಲು ಕೇಬಲ್ ಅಥವಾ ಕನೆಕ್ಟರ್ ತೊಂದರೆ. ನಮ್ಮ ಮಳೆಗಾಲ ಕಳೆದ ಮೇಲೆ ಕನೆಕ್ಟರ್ ಕಿಲುಬು ಹಿಡಿದು 199 ಏರುವುದು ಹೊಸದಲ್ಲ. ಅದೊಂದೇ ಏರಿದ್ದರೆ ಟ್ರೇ ತೆಗೆದು, ಪಿನ್ ಒರೆಸಿ ಹಾಕಿದರೆ ಮುಗಿಯುತ್ತಿತ್ತು. ಇಲ್ಲಿ 199 ಸೊನ್ನೆ. 197 ಮಾತ್ರ ದಿನದಿಂದ ದಿನಕ್ಕೆ ಮೇಲೇರುತ್ತಿತ್ತು. ಡಿಸ್ಕ್‌ನದೇ ಕಾಯಿಲೆ.

ಸುಲಭದ ದಾರಿ ಏನು? ಎಸ್‌ಡಿಬಿಯನ್ನು ರೇಡ್‌ನಿಂದ ತೆಗೆದು, ಅದೇ ಟ್ರೇಗೆ ಹೊಸದು ಹಾಕುವುದು. ಆದರೆ ಹಾಗೆ ಮಾಡಿದರೆ ಹೊಸದು ತುಂಬುವ ತನಕ ಎಸ್‌ಡಿಎ ಒಂದೇ ಇಡೀ ಸೀಸನ್ನಿನ ಲೆಕ್ಕ ಹೊತ್ತು ನಿಲ್ಲಬೇಕು. ಎಸ್‌ಡಿಎ ಕೂಡ ಅದೇ ವಯಸ್ಸಿನದು. ನನಗೆ ಅದು ಬೇಡವಾಗಿತ್ತು. ಹೊಸ ಡಿಸ್ಕನ್ನು ಮೂರನೆಯದಾಗಿ ಸೇರಿಸಿ, ತುಂಬಿದ ಮೇಲೆ ಕೆಟ್ಟದ್ದನ್ನು ತೆಗೆಯುವುದೇ ಸರಿ. ಅದಕ್ಕೆ ಖಾಲಿ ಟ್ರೇ ಬೇಕು. ಅಂದರೆ ಮೊದಲು ಹೊರಡಬೇಕಾದದ್ದು ಹಳೆಯ ಎಸ್‌ಡಿಸಿ. ಅದರಲ್ಲಿದ್ದ ಫೈಲ್‌ಗಳನ್ನೆಲ್ಲ ಆಗಲೇ ರೇಡ್ ಮೇಲಕ್ಕೆ ಕಾಪಿ ಮಾಡಿ, ನಕಲು ಸರಿಯಾಗಿದೆಯೇ ಎಂದು ಚೆಕ್‌ಸಮ್ ಹೋಲಿಸಿಟ್ಟಿದ್ದೆವು.

ಹೊಸ ಡಿಸ್ಕ್ ತರಿಸುವಾಗ ಎರಡು ವಿಷಯ ನೋಡಿದೆ. ಅದು ಸಿಎಂಆರ್ ಆಗಿರಬೇಕು, ಎಸ್‌ಎಂಆರ್ ಬೇಡ. ಸಿಎಂಆರ್‌ನಲ್ಲಿ ಬರೆಯುವ ಗೆರೆಗಳು ಬೇರೆ ಬೇರೆ, ಎಸ್‌ಎಂಆರ್‌ನಲ್ಲಿ ಹೆಂಚಿನಂತೆ ಒಂದರ ಮೇಲೊಂದು. ಎಸ್‌ಎಂಆರ್ ಡಿಸ್ಕ್‌ಗಳು ಗಂಟೆಗಟ್ಟಲೆ ಬರೆಯುವ ಕೆಲಸದಲ್ಲಿ ತೀರಾ ನಿಧಾನವಾಗಿ, ರೇಡ್‌ನಿಂದ ಹೊರಬೀಳುವುದೂ ಉಂಟು. ಇನ್ನೊಂದು ಸೆಕ್ಟರ್ ಲೆಕ್ಕ. ಈಗ ಬರುವ 4 ಟಿಬಿ ಡಿಸ್ಕ್‌ಗಳಲ್ಲಿ ಯಾವ ಕಂಪನಿಯದಾದರೂ 512 ಬೈಟ್‌ನ 7,81,40,37,168 ಸೆಕ್ಟರ್ ಇರುತ್ತವೆ. ಅದು ಕೈಗಾರಿಕೆಯವರೇ ಒಪ್ಪಿಕೊಂಡ ಲೆಕ್ಕ. ಆದರೂ ಹಾಕಿದ ಮೇಲೆ ನೋಡುತ್ತೇನೆ. ಒಂದು ಸೆಕ್ಟರ್ ಕಡಿಮೆ ಇದ್ದರೂ ಪಾರ್ಟಿಷನ್ ಪಟ್ಟಿ ಹಾಗೇ ಕೂರುವುದಿಲ್ಲ.

ಯಾವ ಟ್ರೇ ಯಾವ ಡಿಸ್ಕ್

ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳನ್ನು ನಂಬಿ ಟ್ರೇ ಎಳೆಯಬಾರದು. ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಡಿಸ್ಕ್‌ಗಳು ಕಂಡ ಕ್ರಮದಲ್ಲಿ ಆ ಹೆಸರು ಬೀಳುತ್ತದೆ, ಅಷ್ಟೇ. ಮುಂದಿನ ಬೂಟ್‌ನಲ್ಲಿ ಬದಲಾದರೂ ಆದೀತು. ನಿಜವಾದ ಗುರುತು ಸೀರಿಯಲ್ ನಂಬರ್. ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ಗೆ ಹೆಸರು, ಗಾತ್ರ, ಮಾಡೆಲ್, ಸೀರಿಯಲ್, ಮೌಂಟ್ ಜಾಗ (ಡಿಸ್ಕನ್ನು ಯಾವ ಫೋಲ್ಡರ್‌ಗೆ ಜೋಡಿಸಿದೆ ಎಂಬುದು) ಈ ಐದನ್ನು ಕೇಳಿದರೆ ಒಂದೇ ಪಟ್ಟಿಯಲ್ಲಿ ಬರುತ್ತದೆ.

ಆದರೆ ಸೀರಿಯಲ್ ಚೀಟಿ ಡಿಸ್ಕ್‌ನ ಮೇಲಿದೆ, ಡಿಸ್ಕ್ ಟ್ರೇಯ ಒಳಗಿದೆ. ಎಳೆಯದೆ ಓದುವುದು ಹೇಗೆ? ಒಳ್ಳೆಯ ಸರ್ವರ್‌ಗಳಲ್ಲಿ ಲೆಡ್‌ಸಿಟಿಎಲ್ ಎಂಬ ಕಮಾಂಡ್ ಕೊಟ್ಟರೆ ಆ ಟ್ರೇಯ ದೀಪ ಉರಿಯುತ್ತದೆ. ಈ ಟವರ್‌ನಲ್ಲಿ ಟ್ರೇಗಳು ಚುಚ್ಚಿಕೊಳ್ಳುವ ಬೋರ್ಡ್‌ಗೆ, ಅಂದರೆ ಬ್ಯಾಕ್‌ಪ್ಲೇನ್‌ಗೆ, ಆ ಭಾಗ್ಯ ಇಲ್ಲ. ಹಾಗಾಗಿ ಹಳೇ ಉಪಾಯ. ಒಂದು ಡಿಸ್ಕ್‌ನಿಂದ ಡಿಡಿ ಕಮಾಂಡ್‌ನಲ್ಲಿ ಸುಮ್ನೆ ಓದಿಸಿ, ಓದಿದ್ದನ್ನು ನಲ್‌ಗೆ (ಎಲ್ಲವನ್ನೂ ನುಂಗಿಬಿಡುವ ಕಸದ ಗುಂಡಿ) ಸುರಿಯುವುದು. ಯಾವ ಟ್ರೇಯ ದೀಪ ಬಿಡದೆ ಮಿನುಗುತ್ತದೋ ಅದೇ. ಕೆಟ್ಟ ಡಿಸ್ಕ್‌ಗೆ ಮಾತ್ರ ಇದನ್ನು ಮಾಡುವುದಿಲ್ಲ, ಪಾಪ, ಅದಕ್ಕೆ ಇದ್ದ ಶಕ್ತಿಯೂ ಹೋದೀತು. ಉಳಿದ ಮೂರನ್ನು ಒಂದೊಂದಾಗಿ ಮಿನುಗಿಸಿದರೆ ನಾಲ್ಕನೆಯದು ತಾನೇ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಬರೆದು ಟ್ರೇಯ ಮುಖಕ್ಕೆ ಅಂಟಿಸಿದೆವು.

ಮೊದಲು ಯುಎಸ್‌ಬಿ

ಕೆಲಸ ಶುರು ಮಾಡುವ ಮುಂಚೆ ಯುಎಸ್‌ಬಿ ಡಿಸ್ಕ್‌ಗೆ ಪೂರ್ತಿ ಬ್ಯಾಕಪ್ ತೆಗೆದೆ. ಈ ಡಿಸ್ಕನ್ನು ಅಲ್ಲಿನ ಅಕೌಂಟೆಂಟ್ ದಿನಾ ಸಂಜೆ ಕಿತ್ತು ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾರೆ. "ಕಾಪಿ ಮುಗೀತು ಅಂತ ಬಂತಲ್ಲ ಸಾರ್, ಇನ್ನೇನು?" ಎಂದು ಅವರ ಪ್ರಶ್ನೆ. ಮುಗಿದಿರುವುದು ಮೆಮೊರಿಗೆ ಬರೆಯುವ ಕೆಲಸ. ಲಿನಕ್ಸ್ ಬರೆದದ್ದನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ಸೆಕೆಂಡಿಗೊಮ್ಮೆ ಎದ್ದು ನೋಡುತ್ತದೆ, 30 ಸೆಕೆಂಡಿಗಿಂತ ಹಳೆಯದಾದದ್ದನ್ನು ಡಿಸ್ಕ್‌ಗೆ ಇಳಿಸುತ್ತದೆ. ನಿಧಾನದ ಯುಎಸ್‌ಬಿ ಡಿಸ್ಕ್ ಆದರೆ ಇಳಿಯುವುದು ಇನ್ನೂ ಹೊತ್ತು. ಪ್ರಾಕ್ ಕೆಳಗಿನ ಮೆಮ್‌ಇನ್ಫೋ ಫೈಲ್‌ನಲ್ಲಿ ಡರ್ಟಿ ಎಂಬ ಸಾಲು ನೋಡಿದರೆ ಎಷ್ಟು ಬಾಕಿ ಇದೆ ಅಂತ ಕಾಣುತ್ತದೆ. ಅವರಿಗೆ ತೋರಿಸಿದೆ. ನೂರಾರು ಎಂಬಿ ಇನ್ನೂ ರ‍್ಯಾಮ್‌ನಲ್ಲೇ ಕೂತಿತ್ತು.

ಅವರಿಗಾಗಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಟ್ಟೆ. ಯುಡಿಸ್ಕ್ಸ್‌ಸಿಟಿಎಲ್‌ನಿಂದ ಅನ್‌ಮೌಂಟ್, ಆಮೇಲೆ ಅದರಲ್ಲೇ ಪವರ್ ಆಫ್. ಅನ್‌ಮೌಂಟ್ ಮಾಡಿದರೆ ಬಾಕಿ ಇರುವುದೆಲ್ಲ ಇಳಿದೇ ಮುಗಿಯುತ್ತದೆ, ಬೇರೆ ಸಿಂಕ್ ಬೇಕಿಲ್ಲ. ಪವರ್ ಆಫ್ ಆದರೆ ಡಿಸ್ಕ್ ತಿರುಗುವುದೂ ನಿಲ್ಲುತ್ತದೆ. ದೀಪ ಆರಿದ ಮೇಲೆ ಕೀಳಿ, ಅಷ್ಟೇ.

ಹಳೆಯ ಡಿಸ್ಕ್ ಕೊಟ್ಟ ಕಾಟ

ಕಾಯಿಲೆ ಇದ್ದದ್ದು ಎಸ್‌ಡಿಬಿಗೆ. ಕಾಟ ಕೊಟ್ಟದ್ದು ಮಾತ್ರ ಆರೋಗ್ಯವಾಗಿದ್ದ ಎಸ್‌ಡಿಸಿ. ಅದರ ಮೇಲೆ ಏನೇನು ಕೂತಿದೆ ಎಂದು ಎಲ್‌ಎಸ್‌ಬಿಎಲ್‌ಕೆ ಮರದಂತೆ ಬಿಡಿಸಿ ತೋರಿಸಿತು. ಮೊದಲ ಪಾರ್ಟಿಷನ್ ಎಲ್‌ವಿಎಂಗೆ, ಅಂದರೆ ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಪದರಕ್ಕೆ. ಅದರಲ್ಲಿ 'ಹಳೆ' ಎಂಬ ವಾಲ್ಯೂಮ್ ಗ್ರೂಪ್, ಅದರೊಳಗೆ 'ಲೆಕ್ಕ' ಎಂಬ ವಾಲ್ಯೂಮ್, ಅದರ ಮೇಲೆ ಇಎಕ್ಸ್‌ಟಿ4 ಫೈಲ್‌ಸಿಸ್ಟಂ. ಎರಡನೆಯ ಪಾರ್ಟಿಷನ್ ಸ್ವಾಪ್, ಮೆಮೊರಿ ಸಾಲದಾಗ ಬಳಸುವ ಜಾಗ. ಮೇಲೆ ಆಫೀಸಿನ ಕಂಪ್ಯೂಟರ್‌ಗಳಿಗೆ ಫೈಲ್ ಕೊಡುವ ಸಾಂಬಾ ಶೇರ್ ಬೇರೆ. ಗೋಡೌನ್‌ನಲ್ಲಿ ಪೇರಿಸಿದ ಮೂಟೆಯ ಹಾಗೆ, ಮೇಲಿನದ್ದು ಇಳಿಸದೆ ಕೆಳಗಿನದ್ದಕ್ಕೆ ಕೈ ಹಾಕುವಂತಿಲ್ಲ.

ಸ್ವಾಪ್‌ನಿಂದ ಶುರು. ಸ್ವಾಪ್‌ಆಫ್ ಕೊಟ್ಟರೆ ಅಲ್ಲಿದ್ದದ್ದೆಲ್ಲ ರ‍್ಯಾಮ್‌ಗೆ ವಾಪಸ್ ಬರಬೇಕು. ರ‍್ಯಾಮ್‌ನಲ್ಲಿ ಅಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಬೇಕು, ಇಲ್ಲದಿದ್ದರೆ ಕರ್ನಲ್ ಯಾವುದಾದರೂ ಪ್ರೋಗ್ರಾಂನ ಕತ್ತು ಹಿಸುಕುತ್ತದೆ. ಅದು ಡೇಟಾಬೇಸ್ ಆದರೆ ಗತಿ? ಇಲ್ಲಿ ಜಾಗ ಬೇಕಾದಷ್ಟಿತ್ತು.

ಆಮೇಲೆ ಸಾಂಬಾದ ಆ ಶೇರ್ ಮುಚ್ಚಿ, ಅನ್‌ಮೌಂಟ್ ಕೊಟ್ಟೆ. ಟಾರ್ಗೆಟ್ ಈಸ್ ಬ್ಯುಸಿ ಎಂದಿತು, ಅಂದರೆ ಯಾರೋ ಇನ್ನೂ ಬಳಸುತ್ತಿದ್ದಾರೆ. ಎಫ್‌ಯೂಸರ್ ಕಮಾಂಡ್‌ಗೆ ವಿ, ಎಂ ಆಪ್ಷನ್ ಕೊಟ್ಟು ಕೇಳಿದರೆ ಆ ಮೌಂಟ್ ಹಿಡಿದುಕೊಂಡವರ ಹೆಸರು ಹೇಳುತ್ತದೆ. ಇಬ್ಬರು ಸಿಕ್ಕರು. ಒಂದು ಎಸ್‌ಎಂಬಿಡಿ, ಸಾಂಬಾದ ಪ್ರೋಗ್ರಾಂ. ಆಫೀಸಿನಲ್ಲಿ ಯಾರೋ ಹಿಂದಿನ ವರ್ಷದ ಎಕ್ಸೆಲ್ ಫೈಲ್ ತೆರೆದಿಟ್ಟು ಚಹಾಕ್ಕೆ ಹೋಗಿದ್ದರು. ಇನ್ನೊಂದು ಬರೀ ಒಂದು ಶೆಲ್, ಕಮಾಂಡ್ ಟೈಪ್ ಮಾಡುವ ಕಿಟಕಿ. ನನ್ನ ಜೊತೆ ಬಂದ ಹುಡುಗ ಸಿಡಿ ಕಮಾಂಡ್ ಕೊಟ್ಟು ಆ ಫೋಲ್ಡರ್ ಒಳಗೆ ಹೋಗಿ ನಿಂತಿದ್ದ. ಫೈಲ್ ತೆರೆಯಬೇಕೆಂದೇನೂ ಇಲ್ಲ, ಒಳಗೆ ನಿಂತಿದ್ದರೂ ಬ್ಯುಸಿಯೇ.

"ಅಣ್ಣಾ, ಎಲ್ ಹಾಕಿ ಲೇಜಿ ಅನ್‌ಮೌಂಟ್ ಮಾಡಿದ್ರೆ ಆಯ್ತಲ್ಲ?" ಎಂದ. ಇದೊಂದು ಕೆಟ್ಟ ಅಭ್ಯಾಸ ಮಾರಾಯ್ರೆ. ಲೇಜಿ ಅನ್‌ಮೌಂಟ್ ಡಿಸ್ಕನ್ನು ಬಿಡಿಸುವುದಿಲ್ಲ. ನಮ್ಮ ಕಣ್ಣಿನಿಂದ ಮರೆ ಮಾಡುತ್ತದೆ, ಅಷ್ಟೇ. ಹಿಡಿದುಕೊಂಡ ಪ್ರೋಗ್ರಾಂ ಇನ್ನೂ ಬರೆಯುತ್ತಲೇ ಇರುತ್ತದೆ. ಮೌಂಟ್ ಪಟ್ಟಿಯಲ್ಲಿ ಇಲ್ಲವಲ್ಲ ಎಂದು ಟ್ರೇ ಎಳೆದರೆ ಬರೆಯುತ್ತಿದ್ದದ್ದು ಅರ್ಧಕ್ಕೇ ತುಂಡು. ಸತ್ತ ನೆಟ್‌ವರ್ಕ್ ಶೇರ್ ಸಿಕ್ಕಿಹಾಕಿಕೊಂಡಾಗ ಅದಕ್ಕೊಂದು ಉಪಯೋಗ ಇದೆ. ಕೈಯಲ್ಲಿ ಕೀಳುವ ಡಿಸ್ಕ್‌ಗೆ ಬೇಡವೇ ಬೇಡ.

ಎಕ್ಸೆಲ್ ಮುಚ್ಚಿಸಿ, ಹುಡುಗನನ್ನು ಹೊರಗೆ ಬರಿಸಿ, ಮತ್ತೆ ಅನ್‌ಮೌಂಟ್ ಕೊಟ್ಟೆ. ಈ ಸಲ ಗಪ್‌ಚುಪ್ ಆಯಿತು. ಎಫ್‌ಯೂಸರ್ ಕೇಳಿದರೆ ಯಾರೂ ಇಲ್ಲ. ಬಹಳ ಜನ ಇಲ್ಲಿಗೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನಾನು ವಿಜಿಚೇಂಜ್ ಕಮಾಂಡ್‌ನಲ್ಲಿ 'ಹಳೆ' ಗ್ರೂಪನ್ನು ಮಲಗಿಸಲು ಹೋದೆ. ಒಳಗಿನ ಫೈಲ್‌ಸಿಸ್ಟಂ ಇನ್ನೂ ಬಳಕೆಯಲ್ಲಿದೆ ಎಂದು ಅದು ಹಟ ಹಿಡಿಯಿತು.

ಯಾರ ಬಳಕೆಯಲ್ಲಿ? ಡಿಎಂಸೆಟಪ್ ಇನ್ಫೋ ನೋಡಿದರೆ ಓಪನ್ ಕೌಂಟ್ 1. ಮೌಂಟ್ ಪಟ್ಟಿಯಲ್ಲಿ ಇಲ್ಲ, ಸ್ವಾಪ್ ಇಲ್ಲ, ಲೂಪ್ ಡಿವೈಸ್ ಇಲ್ಲ. ಆದರೂ ಯಾರೋ ಹಿಡಿದಿದ್ದಾರೆ.

ಉತ್ತರ ಸಿಸಿಟಿವಿ ಸಾಫ್ಟ್‌ವೇರ್‌ನಲ್ಲಿತ್ತು. ಅದು ಡಾಕರ್ ಕಂಟೇನರ್ ಒಳಗೆ, ಅಂದರೆ ಉಳಿದ ಸಿಸ್ಟಂನಿಂದ ಬೇರ್ಪಡಿಸಿದ ಡಬ್ಬಿಯೊಳಗೆ, ಓಡುತ್ತದೆ. ಅದನ್ನು ಹಾಕಿದವರು ಸಿಸಿಟಿವಿ ಫೋಲ್ಡರ್ ಒಂದನ್ನೇ ಒಳಗೆ ಕೊಡುವ ಬದಲು ಎಸ್‌ಆರ್‌ವಿ ಡೈರೆಕ್ಟರಿಯನ್ನು ಇಡಿಯಾಗಿ ಕೊಟ್ಟಿದ್ದರು. ಹಳೆಯ ಲೆಕ್ಕದ ಮೌಂಟ್ ಅದರ ಕೆಳಗೇ ಇತ್ತು. ಕಂಟೇನರ್ ಶುರುವಾದಾಗ ಆ ಮೌಂಟ್‌ನ ನಕಲೂ ಅದರ ಮೌಂಟ್ ನೇಮ್‌ಸ್ಪೇಸ್‌ಗೆ (ಅದರದೇ ಪ್ರತ್ಯೇಕ ಮೌಂಟ್ ಪಟ್ಟಿ) ಹೋಗಿದೆ. ಹೊರಗಿನ ಫೋಲ್ಡರನ್ನು ಹೀಗೆ ಒಳಗೆ ಕೊಡುವ ಡಾಕರ್ ಬೈಂಡ್ ಮೌಂಟ್‌ಗಳು ಮಾಮೂಲಿಯಾಗಿ ಪ್ರೈವೇಟ್. ಹೊರಗೆ ನಾನು ಅನ್‌ಮೌಂಟ್ ಮಾಡಿದ ಸುದ್ದಿ ಒಳಗೆ ಮುಟ್ಟುವುದೇ ಇಲ್ಲ. ಸಿಸಿಟಿವಿಗೂ ಲೆಕ್ಕದ ಫೈಲ್‌ಗೂ ಏನೂ ಸಂಬಂಧ ಇಲ್ಲ, ಒಂದು ಫೈಲನ್ನೂ ಅದು ತೆರೆದಿಲ್ಲ. ಆದರೂ ಫೈಲ್‌ಸಿಸ್ಟಂ ಅಲ್ಲಿ ಜೀವಂತ.

ಇಂಥದ್ದನ್ನು ಹುಡುಕಲು ಒಂದೇ ಸಾಲು ಸಾಕು. ಪ್ರಾಕ್ ಕೆಳಗೆ ಪ್ರತಿ ಪ್ರೊಸೆಸ್‌ಗೂ ಮೌಂಟ್‌ಇನ್ಫೋ ಎಂಬ ಫೈಲ್ ಇರುತ್ತದೆ. ಅವೆಲ್ಲದರಲ್ಲಿ ವಾಲ್ಯೂಮ್‌ನ ಹೆಸರನ್ನು ಗ್ರೆಪ್ ಮಾಡುವುದು. ಸಿಕ್ಕ ಪಿಐಡಿ ಯಾರದೆಂದು ನೋಡಿದರೆ ಕಳ್ಳ ಸಿಕ್ಕ. ಕಂಟೇನರ್ ನಿಲ್ಲಿಸಿ, ಸಿಸಿಟಿವಿ ಫೋಲ್ಡರ್ ಮಾತ್ರ ಕೊಟ್ಟು ಮತ್ತೆ ಎಬ್ಬಿಸಿದೆ. ಕ್ಯಾಮೆರಾ ಒಂದೆರಡು ನಿಮಿಷ ಕುರುಡಾಯಿತು, ಯಾರೂ ಗಮನಿಸಲಿಲ್ಲ. ಈಗ ವಿಜಿಚೇಂಜ್ ಮರುಮಾತಿಲ್ಲದೆ ಒಪ್ಪಿತು. ಈ ಡಿಸ್ಕನ್ನು ಮುಂದೆ ಬೇರೆ ಮೆಷಿನ್‌ನಲ್ಲಿ ಓದಬೇಕಾಗುತ್ತದೆಂದು ಗ್ರೂಪನ್ನು ಸಾಗಾಟಕ್ಕೆ ಸಿದ್ಧ ಮಾಡುವ ವಿಜಿಎಕ್ಸ್‌ಪೋರ್ಟ್ ಕೂಡ ಮಾಡಿಟ್ಟೆ.

ಕೊನೆಯ ಪರೀಕ್ಷೆ ಸಿಸ್ ಡೈರೆಕ್ಟರಿಯಲ್ಲಿ. ಪ್ರತಿ ಡಿಸ್ಕ್‌ಗೂ, ಪಾರ್ಟಿಷನ್‌ಗೂ ಅಲ್ಲೊಂದು ಹೋಲ್ಡರ್ಸ್ ಎಂಬ ಫೋಲ್ಡರ್ ಇರುತ್ತದೆ. ಎಲ್‌ವಿಎಂ, ರೇಡ್, ಎನ್‌ಕ್ರಿಪ್ಷನ್ ಯಾವುದು ಮೇಲೆ ಕೂತಿದ್ದರೂ ಅದರ ಹೆಸರು ಅಲ್ಲಿರುತ್ತದೆ. ಅದು ಖಾಲಿ ಇರಬೇಕು. ಖಾಲಿ ಇತ್ತು. ಆಮೇಲೆ ಈ ಸಾಲು:

ಎಕೋ 1 > /ಸಿಸ್/ಬ್ಲಾಕ್/ಎಸ್‌ಡಿಸಿ/ಡಿವೈಸ್/ಡಿಲೀಟ್

ಹೆಸರು ನೋಡಿ ಹೆದರಬೇಡಿ, ಡೇಟಾ ಅಳಿಸುವುದಿಲ್ಲ. ಡಿಸ್ಕನ್ನು ಕರ್ನಲ್‌ನ ಪಟ್ಟಿಯಿಂದ ತೆಗೆಯುತ್ತದೆ. ಹೆದರಬೇಕಾದದ್ದು ಬೇರೆ: ಇದು ಏನನ್ನೂ ಕೇಳುವುದಿಲ್ಲ. ಮೌಂಟ್ ಆಗಿರಲಿ, ಡೇಟಾಬೇಸ್ ಓಡುತ್ತಿರಲಿ, ಹೇಳಿದ ಕೂಡಲೇ ತೆಗೆದುಬಿಡುತ್ತದೆ. ಎಸ್‌ಡಿಸಿ ಬದಲು ಎಸ್‌ಡಿಎ ಎಂದು ಬೆರಳು ಜಾರಿದರೂ ಅಷ್ಟೇ. ಅದಕ್ಕೇ ಎಂಟರ್ ಒತ್ತುವ ಮುಂಚೆ ಸೀರಿಯಲ್ ನಂಬರನ್ನು ಗಟ್ಟಿಯಾಗಿ ಓದಿ, ಹುಡುಗ ಟ್ರೇಯ ಚೀಟಿ ನೋಡಿ ಹೌದು ಅಂದ ಮೇಲೆಯೇ ಒತ್ತಿದ್ದು.

ಕರ್ನಲ್‌ನ ಸಂದೇಶ ತೋರಿಸುವ ಡಿಮೆಸ್ಜ್‌ನಲ್ಲಿ ಎರಡು ಸಾಲು ಬಂದವು. ಮೊದಲು ಸಿಂಕ್ರನೈಸಿಂಗ್ ಸ್ಕಸಿ ಕ್ಯಾಶ್, ಅಂದರೆ ಡಿಸ್ಕ್ ತನ್ನೊಳಗಿನ ಕ್ಯಾಶ್‌ನಲ್ಲಿ ಇಟ್ಟುಕೊಂಡದ್ದನ್ನೂ ಬರೆದು ಮುಗಿಸಿತು. ಆಮೇಲೆ ಸ್ಟಾಪಿಂಗ್ ಡಿಸ್ಕ್. ತಕ್ಷಣ ಎಳೆಯಲಿಲ್ಲ. ತಟ್ಟೆಗಳು ಪೂರ್ತಿ ನಿಲ್ಲಲಿ ಎಂದು ಸ್ವಲ್ಪ ಕಾದು, ಟ್ರೇಗೆ ಬೆರಳಿಟ್ಟು ನಡುಕ ಇಲ್ಲ ಎಂದು ನೋಡಿ ಎಳೆದೆ. ತಿರುಗುತ್ತಿರುವಾಗಲೇ ಪವರ್ ಹೋದರೆ, ತಟ್ಟೆಯ ಉಳಿದ ತಿರುಗಾಟದಿಂದಲೇ ಬರುವ ಕರೆಂಟ್ ಬಳಸಿ ಡಿಸ್ಕ್ ತನ್ನ ಹೆಡ್‌ಗಳನ್ನು ಗಡಿಬಿಡಿಯಲ್ಲಿ ಹಿಂದಕ್ಕೆಳೆದುಕೊಳ್ಳುತ್ತದೆ. ಸ್ಮಾರ್ಟ್‌ನ 192ನೇ ಸಾಲು ಅದರ ಲೆಕ್ಕ. ಒಮ್ಮೆ ಆದರೆ ಸಾಯುವುದಿಲ್ಲ, ಆದರೂ ಯಾಕೆ ಬೇಕು?

ಪಿನ್‌ಗಳ ಬಗ್ಗೆ ಭಯ ಬೇಡ. ಸಾಟಾ ಕನೆಕ್ಟರ್‌ನಲ್ಲಿ ಗ್ರೌಂಡ್ ಪಿನ್‌ಗಳು ಉದ್ದ, ಮೊದಲು ತಾಗಿ ಕೊನೆಗೆ ಬಿಡುತ್ತವೆ. ಬಯೋಸ್‌ನಲ್ಲಿ ಪೋರ್ಟ್ ಎಎಚ್‌ಸಿಐ ಮೋಡ್‌ನಲ್ಲಿದ್ದು, ಹಾಟ್‌ಪ್ಲಗ್ ಆನ್ ಆಗಿರಬೇಕು. ಹಳೇ ಐಡಿಇ ಮೋಡ್‌ನಲ್ಲಿದ್ದರೆ ಕೈ ಹಾಕಬೇಡಿ. ಬೋರ್ಡ್ ಮೇಲೆ ಸ್ಕ್ರೂ ಹಾಕಿ ಕೂರಿಸುವ ಎಂ.2 ಎನ್‌ವಿಎಂಇ ಕಾರ್ಡ್‌ಗಂತೂ ಮೆಷಿನ್ ಆಫ್ ಮಾಡಲೇಬೇಕು.

ಹೊಸದು ಒಳಗೆ, ಹಳೆಯದು ಹೊರಗೆ

ಹೊಸ ಡಿಸ್ಕ್ ಮೂರನೆಯ ಟ್ರೇಗೆ ಹೋಯಿತು. ಕೆಲವು ಸೆಕೆಂಡಿನಲ್ಲಿ ತಾನೇ ಕಂಡಿತು. ಕಾಣದಿದ್ದರೆ ಸ್ಕಸಿ ಹೋಸ್ಟ್‌ನ ಸ್ಕ್ಯಾನ್ ಫೈಲ್‌ಗೆ ಮೂರು ಅಡ್ಡಗೆರೆ, ನಡುವೆ ಜಾಗ ಬಿಟ್ಟು ಬರೆಯಬೇಕು. ಆಗಲೂ ಕಾಣದಿದ್ದರೆ ಲಿಂಕ್ ಪವರ್ ಮ್ಯಾನೇಜ್‌ಮೆಂಟನ್ನು ಮ್ಯಾಕ್ಸ್ ಪರ್ಫಾರ್ಮೆನ್ಸ್‌ಗೆ ಇಟ್ಟು ನೋಡಿ. ಕರೆಂಟ್ ಉಳಿಸಲು ಮಲಗಿದ ಪೋರ್ಟ್‌ಗೆ ಹೊಸ ಡಿಸ್ಕ್ ಬಂದದ್ದೇ ತಿಳಿಯದಿರಬಹುದು. ಹೆಸರು ಮತ್ತೆ ಎಸ್‌ಡಿಸಿ ಎಂದೇ ಬಿತ್ತು. ಅದು ಒಳ್ಳೆಯ ಸೂಚನೆ. ಹಳೆಯದನ್ನು ಯಾರಾದರೂ ಇನ್ನೂ ಹಿಡಿದಿದ್ದರೆ ಆ ಹೆಸರು ಖಾಲಿಯಾಗದೆ ಇದಕ್ಕೆ ಎಸ್‌ಡಿಇ ಎಂದು ಬೀಳುತ್ತಿತ್ತು.

ಪಾರ್ಟಿಷನ್ ಪಟ್ಟಿಯನ್ನು ಎಸ್‌ಜಿಡಿಸ್ಕ್‌ನಿಂದ ಎಸ್‌ಡಿಎಯಿಂದ ಎಸ್‌ಡಿಸಿಗೆ ನಕಲು ಮಾಡಿದೆ. ಯಾವುದರಿಂದ ಯಾವುದಕ್ಕೆ ಎಂದು ಇಲ್ಲಿ ಉಲ್ಟಾ ಆದರೆ ಕಥೆ ಮುಗಿಯಿತು, ಮ್ಯಾನ್ಯುವಲ್ ತೆರೆದಿಟ್ಟುಕೊಂಡೇ ಟೈಪ್ ಮಾಡಿ. ನಕಲಾದ ಮೇಲೆ ದೊಡ್ಡಕ್ಷರ ಜಿ ಆಪ್ಷನ್ ಕೊಟ್ಟು ಹೊಸ ಗುರುತು ನಂಬರ್‌ಗಳನ್ನು ಹಾಕಿಸಬೇಕು. ಇಲ್ಲದಿದ್ದರೆ ಎರಡು ಡಿಸ್ಕ್‌ಗೂ ಒಂದೇ ಯುಯುಐಡಿ.

ಆಮೇಲೆ ರೇಡ್ ನಿಭಾಯಿಸುವ ಎಂಡಿಎಡಿಎಂ ಕಮಾಂಡ್‌ನಲ್ಲಿ ಹೊಸ ಪಾರ್ಟಿಷನ್ ಅನ್ನು ಆ್ಯಡ್ ಮಾಡಿ, ರಿಪ್ಲೇಸ್ ಎಂದು ಎಸ್‌ಡಿಬಿಯದನ್ನೂ, ವಿತ್ ಎಂದು ಎಸ್‌ಡಿಸಿಯದನ್ನೂ ಕೊಟ್ಟೆ. ಫೇಲ್ ಮಾಡಿ ತೆಗೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟು: ತುಂಬುತ್ತಿರುವಾಗಲೂ ಹಳೆಯದು ಕೆಲಸದಲ್ಲೇ ಇರುತ್ತದೆ. ರೇಡ್‌ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್‌ನಲ್ಲಿ ಎರಡು ಯು (ಎರಡೂ ಡಿಸ್ಕ್ ಕೆಲಸದಲ್ಲಿವೆ ಎಂಬ ಗುರುತು) ಹಾಗೇ ಇದ್ದವು, ಹೊಸದರ ಪಕ್ಕ ಬದಲಿ ಎಂಬ ಆರ್ ಗುರುತು ಬಂತು. ಎಸ್‌ಡಿಬಿಯ ಯಾವುದೋ ಸೆಕ್ಟರ್ ಓದಲಾಗದಿದ್ದರೆ ಅದನ್ನು ಎಸ್‌ಡಿಎಯಿಂದ ತೆಗೆದುಕೊಳ್ಳುತ್ತದೆ.

4 ಟಿಬಿಯನ್ನು ಸೆಕೆಂಡಿಗೆ 150 ಎಂಬಿಯಂತೆ ಸುರಿದರೂ ಏಳು ಗಂಟೆ ದಾಟುತ್ತದೆ. ಹಗಲಲ್ಲಿ ಪೂರ್ತಿ ವೇಗಕ್ಕೆ ಬಿಟ್ಟರೆ ವೇಬ್ರಿಡ್ಜ್ ಬಿಲ್ ತಡವರಿಸುತ್ತಿತ್ತು. ರೇಡ್‌ನ ಸ್ಪೀಡ್ ಲಿಮಿಟ್ ಮ್ಯಾಕ್ಸ್ ಮಾಮೂಲಿ 200000 ಇರುತ್ತದೆ, ಸೆಕೆಂಡಿಗೆ ಕೆಬಿ ಲೆಕ್ಕ. ಗೇಟ್ ಮುಚ್ಚುವ ತನಕ 50000ಕ್ಕೆ ಇಳಿಸಿ, ರಾತ್ರಿ ಮತ್ತೆ ಏರಿಸಿದೆ.

ಬೆಳಿಗ್ಗೆ ಎಸ್‌ಡಿಬಿ ಪಕ್ಕ ಎಫ್ ಎಂದು ಬಿದ್ದಿತ್ತು. ಕೆಲಸ ಮುಗಿದಾಗ ಹಳೆಯದನ್ನು ಎಂಡಿ (ಲಿನಕ್ಸ್‌ನ ರೇಡ್ ಭಾಗ) ತಾನೇ ಫಾಲ್ಟಿ ಎಂದು ಬದಿಗಿಡುತ್ತದೆ. ಬೂಟ್‌ಗೆ ಬೇರೆ ಒಂದು ಚಿಕ್ಕ ರೇಡ್ ಇತ್ತು, ಅದಕ್ಕೂ ಇದೇ ಪೂಜೆ ಮಾಡಿದೆ. ಎರಡರಿಂದಲೂ ರಿಮೂವ್ ಮಾಡಿ, ಹೋಲ್ಡರ್ಸ್ ಖಾಲಿ ನೋಡಿ, ಡಿಲೀಟ್, ಕಾಯುವುದು, ಎಳೆಯುವುದು. ಎಸ್‌ಡಿಸಿ ಕೊಟ್ಟ ಕಾಟದ ಮುಂದೆ ಇದು ಏನೂ ಅಲ್ಲ. ಎಳೆಯುವ ಮುಂಚೆ ಅದರ ಪಾರ್ಟಿಷನ್‌ಗಳ ಸೂಪರ್‌ಬ್ಲಾಕ್ (ತಾನು ಯಾವ ರೇಡ್‌ಗೆ ಸೇರಿದ್ದೆಂಬ ಗುರುತು) ಸೊನ್ನೆ ಮಾಡಿದ್ದೆ. ಯಾರಾದರೂ ಮುಂದೆ ಇದೇ ಮೆಷಿನ್‌ಗೆ ಚುಚ್ಚಿದರೆ, ಹಳೆಯ ರೇಡ್‌ನ ತುಂಡೊಂದು ತಾನೇ ಎದ್ದು ಕೂರುವುದು ಬೇಡ.

ಉಳಿದದ್ದು ಚಿಲ್ಲರೆ ಕೆಲಸ, ಆದರೆ ಮರೆತರೆ ಮುಂದಿನ ಬೂಟ್‌ನಲ್ಲಿ ಕಾಡುವಂಥದ್ದು. ಬೂಟ್ ಆಗುವಾಗ ಏನೇನು ಮೌಂಟ್ ಮಾಡಬೇಕೆಂಬ ಎಫ್‌ಎಸ್‌ಟ್ಯಾಬ್ ಪಟ್ಟಿಯಲ್ಲಿ ಹಳೆಯ ಡಿಸ್ಕ್‌ನ ಮೌಂಟ್ ಸಾಲು, ಸ್ವಾಪ್ ಸಾಲು ತೆಗೆದು, ಸಿಸ್ಟಂಡಿಗೆ ಡೀಮನ್ ರೀಲೋಡ್ ಕೊಟ್ಟೆ. ನೋಫೇಲ್ (ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು) ಎಂಬ ಆಪ್ಷನ್ ಇಲ್ಲದ ಆ ಮೌಂಟ್ ಸಾಲು ಹಾಗೇ ಉಳಿದಿದ್ದರೆ, ಬೂಟ್ ಆಗುವಾಗ ಇಲ್ಲದ ಡಿಸ್ಕ್‌ಗಾಗಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತಿತ್ತು. ಸ್ಮಾರ್ಟ್‌ಡಿ ಕಾನ್ಫಿಗ್‌ನಲ್ಲಿ ಎಸ್‌ಡಿ ಹೆಸರುಗಳ ಬದಲು ಸೀರಿಯಲ್ ಇರುವ ಬೈ ಐಡಿ ಹೆಸರು ಹಾಕಿದೆ. ಈ ಮೆಷಿನ್ ಹಳೇ ಬಯೋಸ್‌ನಿಂದ ಬೂಟ್ ಆಗುವಂಥದ್ದು, ಹಾಗಾಗಿ ಹೊಸ ಡಿಸ್ಕ್‌ಗೂ ಗ್ರಬ್ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಹಾಕಬೇಕು. ಅದನ್ನು ಗ್ರಬ್ ಪಿಸಿ ಪ್ಯಾಕೇಜ್‌ನ ರೀಕಾನ್ಫಿಗರ್ ಮೂಲಕವೇ ಮಾಡಿದೆ. ಯಾವ ಡಿಸ್ಕ್‌ಗೆ ಗ್ರಬ್ ಹಾಕಿದ್ದೆ ಎಂದು ಆ ಪ್ಯಾಕೇಜ್ ಸೀರಿಯಲ್ ಸಮೇತ ನೆನಪಿಟ್ಟುಕೊಂಡಿರುತ್ತದೆ. ಹಳೆಯದೇ ಉಳಿದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಇಲ್ಲದ ಡಿಸ್ಕ್ ಹುಡುಕಿ ತಕರಾರು ತೆಗೆಯುತ್ತದೆ.

ಕೆಟ್ಟ ಡಿಸ್ಕ್ ವಾರಂಟಿಯಲ್ಲಿಲ್ಲ, ಒಳಗೆ ಪ್ಲಾಂಟರ್‌ಗಳ ಲೆಕ್ಕ ಇದೆ. ಆಫೀಸಿನ ಕಬ್ಬಿಣದ ಬೀರುವಿಗೆ ಹೋಗಿದೆ, ತಟ್ಟೆಗೆ ಡ್ರಿಲ್ ಹಾಕುವುದು ಇನ್ನೂ ಆಗಬೇಕು. ಹೊಸ ಡಿಸ್ಕ್ ಒಂದರಿಂದಲೇ ಬೂಟ್ ಆಗುತ್ತದೆಯೇ ಎಂಬ ಪರೀಕ್ಷೆಯೂ ಬಾಕಿ. ಅದಕ್ಕೆ ಮೆಷಿನ್ ಆಫ್ ಮಾಡಲೇಬೇಕು, ರೋಬಸ್ಟಾ ಬರುವುದು ನಿಂತ ಮೇಲೆ ನೋಡೋಣ ಎಂದಿದ್ದಾರೆ ಅಕೌಂಟೆಂಟ್.